ಹಿಡಿಸೂಡಿಯನ್ನು ಗುರಿಕಾರರ ಮನೆಗೆ ಕೊಟ್ಟು ಬನ್ನಿ, ಅಕ್ಕಾ

ಉಡುಪಿ ಕಡೆಯಿಂದ ಬಂದ ಒಂದು ಪತ್ರ ನಾಲ್ಕು ದಿನದಿಂದ ನನ್ನ ಮೇಜಿನ ಮೇಲೇ ಇದೆ. ಬೇರೆ ಪತ್ರಕ್ಕೆ ಉತ್ತರ ಬರೆಯೋಣ ಅಂತ ಕೂತರೂ ಕೈ ಅದರ ಹತ್ತಿರವೇ ಹೋಗುತ್ತದೆ.

ಬರೆದವರಿಗೆ 57 ವರ್ಷ. ಗಂಡ ತೀರಿಕೊಂಡಿದ್ದಾರೆ. 11 ವರ್ಷದಿಂದ ಪ್ರತಿ ಶನಿವಾರ ತಮ್ಮೂರ ಚರ್ಚ್ ಗುಡಿಸಿ ಒರೆಸುತ್ತಾರೆ. ಸಂಬಳವಿಲ್ಲ, ಸೇವೆ. ಕೆಲಸದ ನಡುವೆ ಮನಸ್ಸಿಗೆ ಹೊಳೆದದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಅದನ್ನು ಚರ್ಚಿನ ಮಹಿಳೆಯರ ಸಭೆಯಲ್ಲಿ ಓದಬೇಕು ಅಂತ ಆಸೆ. ಮಗ ಬೇಡ ಅಂದಿದ್ದಾನೆ. "ಕಸ ಗುಡಿಸುವಾಗ ಯೇಸು ಕಂಡ ಅಂತ ಎಲ್ಲರ ಮುಂದೆ ಓದಿ ಮರ್ಯಾದೆ ತೆಗೆಯಬೇಡ" ಅಂದನಂತೆ. ಇವರ ಪ್ರಶ್ನೆ ಇಷ್ಟೇ: ಬಾಲ್ದಿ, ಹಿಡಿಸೂಡಿಯಲ್ಲಿ ದೇವರ ಮಾತು ಹುಡುಕುವುದು ತಪ್ಪಾ?

ತಪ್ಪಲ್ಲ ಅಕ್ಕಾ. ಬೈಬಲಿನಲ್ಲಿ ಲೂಕನ 15ನೇ ಅಧ್ಯಾಯ ತೆಗೆದು ನೋಡಿ. ಹತ್ತು ಬೆಳ್ಳಿ ನಾಣ್ಯದಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು ದೀಪ ಹಚ್ಚಿ ಮನೆಯೆಲ್ಲ ಗುಡಿಸುತ್ತಾಳೆ. ಕಳೆದುಹೋದವರನ್ನು ದೇವರು ಹೇಗೆ ಹುಡುಕುತ್ತಾನೆ ಅಂತ ಹೇಳೋಕೆ ಯೇಸು ಕುರುಬನ ಕಥೆಯ ಪಕ್ಕದಲ್ಲೇ ಕಸ ಗುಡಿಸುವ ಈ ಹೆಂಗಸನ್ನು ನಿಲ್ಲಿಸಿದ. ನಿಮ್ಮ ಮಗನಿಗೆ ಸಂತ ಮಾರ್ಟಿನ್ ಡಿ ಪೋರಸ್ ಅವರ ಚಿತ್ರವನ್ನೂ ತೋರಿಸಿ. 1579ರಲ್ಲಿ ಪೆರುವಿನ ಲಿಮಾದಲ್ಲಿ ಹುಟ್ಟಿದವರು. ಮಠದಲ್ಲಿ ಗುಡಿಸುವ ಕೆಲಸ ಮಾಡಿದವರು. 1962ರಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಚಿತ್ರಗಳಲ್ಲಿ ಇಂದಿಗೂ ಅವರ ಕೈಯಲ್ಲಿ ಪೊರಕೆ ಇರುತ್ತದೆ.

ನೀವು ಕಳಿಸಿದ ಪುಟವನ್ನು ನಾನು ಮೂರು ಸಲ ಓದಿದೆ. ಕೆಂಪು ನೆಲದ ಮೇಲೆ ಮೇಣದಬತ್ತಿಯ ಮೇಣ ಬಿದ್ದು ಗಟ್ಟಿಯಾಗಿರುತ್ತದೆ. ಕೆರೆದರೆ ನೆಲಕ್ಕೆ ಗೀರು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಇಟ್ಟರೆ ತಾನೇ ಬಿಡುತ್ತದೆ. "ಸಿಟ್ಟಿನ ಮಗನ ಹತ್ತಿರ ಮಾತಾಡುವುದೂ ಹೀಗೇ ಅಂತ ದೇವರು ಆ ದಿನ ಹೇಳಿಕೊಟ್ಟ" ಅಂತ ಬರೆದಿದ್ದೀರಿ. ಇದನ್ನು ಓದಿ ಅಕ್ಕಾ, ಸಭೆಯಲ್ಲಿ ಧೈರ್ಯವಾಗಿ ಓದಿ. ಮಗನ ವಿಷಯ ಇಷ್ಟು ಸಾಕು. ಅವನು ಸಣ್ಣವನು, ತಿಳಿದುಕೊಳ್ಳುತ್ತಾನೆ.

ನನ್ನ ನಿದ್ದೆ ಕೆಡಿಸಿದ್ದು ಪತ್ರದ ಕೊನೆಯಲ್ಲಿ, ಸಹಿಯ ಮೇಲೆ ನೀವು ತುರುಕಿದ ಒಂದು ಸಾಲು. "ಮೊದಲು ಆರು ಜನ ಇದ್ದೆವು, ಈಗ ನಾನೊಬ್ಬಳೇ, ಮೊಣಗಂಟು ಸ್ವಲ್ಪ ತೊಂದರೆ ಕೊಡುತ್ತದೆ, ಆದರೂ ದೇವರ ದಯೆ."

ಒಬ್ಬರೇ! ಅಷ್ಟು ದೊಡ್ಡ ಚರ್ಚು, ಅಷ್ಟು ಬೆಂಚು! ಬೇರೆ ಯಾರನ್ನಾದರೂ ಕಳಿಸಿ ಅಂತ ಕೇಳಿದ್ದಕ್ಕೆ ವಾಳೆಯ, ಅಂದರೆ ಚರ್ಚಿನ ವಾರ್ಡಿನ, ಮುಖಂಡರಾದ ಗುರಿಕಾರರು "ನೀವು ಮಾಡಿದ ಹಾಗೆ ಬೇರೆಯವರಿಗೆ ಬರುವುದಿಲ್ಲ, ಅಮ್ಮಾ" ಅಂದರಂತೆ. ಹೊಗಳಿ ಹೊಗಳಿ ಕೆಲಸ ತಲೆಗೆ ಕಟ್ಟುವುದು ಅಂದರೆ ಇದೇ. ಅವರ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದಿದೆ. ಪವಿತ್ರ ಗುರುವಾರ ಫಾದರ್ ಹನ್ನೆರಡು ಜನರ ಕಾಲು ತೊಳೆದಾಗ ಅವರೂ ಕೂತಿದ್ದರು ಅಂತ ನೀವೇ ಬರೆದಿದ್ದೀರಿ. ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಬೋಗುಣಿಗೆ ನೀರು ಹಾಕಿ ಶಿಷ್ಯರ ಕಾಲು ತೊಳೆದ ಯೇಸು, ನೀವೂ ಒಬ್ಬರ ಕಾಲನ್ನು ಒಬ್ಬರು ತೊಳೆಯಬೇಕು ಅಂದ. ಯೊವಾನ್ನನ 13ನೇ ಅಧ್ಯಾಯದಲ್ಲಿದೆ. ಒಬ್ಬರನ್ನೊಬ್ಬರು ಅನ್ನುವ ಮಾತು ಗುರಿಕಾರರ ಕಿವಿಗೆ ಬೀಳಲಿಲ್ವಾ?

ಈ ಅಂಕಣದಲ್ಲಿ ನಾನು ಮೊದಲೂ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ: ಸರದಿ ಇಲ್ಲದ ಸೇವೆ ಬಿಟ್ಟಿ ಚಾಕರಿ. ಆರನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ತಮ್ಮ ಮಠಕ್ಕೆ ನಿಯಮ ಬರೆದರು. ಮಠದ ಪಾತ್ರೆ, ಸಲಕರಣೆಗಳನ್ನು ಬಲಿಪೀಠದ ಪಾತ್ರೆಗಳಂತೆ ನೋಡಿಕೊಳ್ಳಬೇಕು ಅಂದವರು ಅವರು. ನಿಮ್ಮ ನೋಟ್‌ಬುಕ್ಕಿನ ಮಾತೇ ಅಲ್ವಾ? ಅದೇ ನಿಯಮದ 35ನೇ ಅಧ್ಯಾಯದಲ್ಲಿ ಅಡುಗೆಮನೆ ಕೆಲಸಕ್ಕೆ ವಾರದ ಸರದಿ ಇದೆ. ಶಕ್ತಿ ಕಡಿಮೆ ಇದ್ದವರಿಗೆ ಸಹಾಯಕ್ಕೆ ಜನ ಕೊಡಬೇಕು ಅಂತಲೂ ಇದೆ. ವಾರ ಮುಗಿಸಿದವನು ಶನಿವಾರ ಎಲ್ಲ ತೊಳೆದು, ಒರೆಸುವ ಬಟ್ಟೆ ಒಗೆದು, ಸಾಮಾನನ್ನು ಉಗ್ರಾಣದವನ ಕೈಗೆ ಒಪ್ಪಿಸಬೇಕು. ಅವನು ಅದನ್ನು ಮುಂದಿನವನಿಗೆ ಕೊಡುತ್ತಾನೆ.

ನೋಡಿ, ಒಪ್ಪಿಸಬೇಕು. ನೀವು 11 ವರ್ಷದಲ್ಲಿ ಒಂದು ಸಲವೂ ಒಪ್ಪಿಸಿಲ್ಲ.

ಹಾಗಾಗಿ ಮಾಡಬೇಕಾದದ್ದು ಒಂದೇ. ಈ ಶನಿವಾರ ಚರ್ಚಿಗೆ ಹೋಗಬೇಡಿ. ಶುಕ್ರವಾರ ಸಂಜೆಯೇ ಒರೆಸುವ ಬಟ್ಟೆ ಒಗೆದು ಒಣಗಿಸಿ, ಬಾಲ್ದಿಯಲ್ಲಿ ಹಾಕಿ, ಹಿಡಿಸೂಡಿ, ಕೀಲಿಕೈ ಸಮೇತ ಗುರಿಕಾರರ ಮನೆಗೆ ಕೊಟ್ಟು ಬನ್ನಿ. "ನನ್ನ ವಾರ ಮುಗಿಯಿತು, ಮುಂದಿನವರಿಗೆ ಕೊಡಿ" ಅನ್ನಿ. ಜಾಸ್ತಿ ಮಾತು ಬೇಡ. ಕಾಫಿ ಕುಡಿದು ಹೋಗಿ ಅಂದರೂ ಕೂರಬೇಡಿ, ಕೂತರೆ ಕೀಲಿಕೈ ನಿಮ್ಮ ಜೊತೆಗೇ ವಾಪಸು ಬರುತ್ತದೆ. ಒಂದು ಶನಿವಾರ ಮೇಣ ನೆಲದ ಮೇಲೇ ಇರಲಿ. ಭಾನುವಾರ ಪೂಜೆಗೆ ಬಂದವರು ನೋಡಲಿ.

ಆರು ಜನರ ಸರದಿ ಬರೆದು ಗೋಡೆಗೆ ಹಚ್ಚಿದ ಮೇಲೆ, ನಿಮ್ಮ ವಾರ ಬಂದಾಗ ಮತ್ತೆ ಹೋಗಿ. ಮೊಣಗಂಟಿಗೆ ಆಗದ ಕೆಲಸವನ್ನು ಜೊತೆಯವರು ಮಾಡಲಿ. ಬಿಸಿನೀರಿನ ಬಟ್ಟೆಯನ್ನು ಎಷ್ಟು ಹೊತ್ತು ಇಡಬೇಕು ಅಂತ ನೀವು ಬೆಂಚಿನ ಮೇಲೆ ಕೂತು ಹೇಳಿಕೊಡಿ.