ಉಪ್ಪುನೀರು ಎತ್ತಿದರೆ ಸಿಹಿನೀರಿಗೇನು?

ಬ್ಯಾಟರಿಗೆ ಬೇಕಾದ ಲಿಥಿಯಂಗಾಗಿ ನೆಲದಡಿಯಿಂದ ಎತ್ತುವ ನೀರು ಸಮುದ್ರಕ್ಕಿಂತ ಉಪ್ಪು, ಅದನ್ನು ಯಾರೂ ಕುಡಿಯಲ್ಲ, ಮತ್ತೆ ಅಂತರ್ಜಲಕ್ಕೇನು ನಷ್ಟ ಅಂತ ಕೇಳಿದ್ದೀರಿ. ನಷ್ಟ ಆಗೋದು ಉಪ್ಪುಬಯಲಿನ ಅಂಚಿನಲ್ಲಿ.

ಚಿಲಿಯ ಅಟಕಾಮಾ ಉಪ್ಪುಬಯಲಿನ ನಡುವೆ ಇರೋದು ಭಾರವಾದ ಉಪ್ಪುನೀರು. ಬೆಟ್ಟದ ಕಡೆಯಿಂದ ನೆಲದೊಳಗೇ ಹರಿದು ಬರುವ ಸಿಹಿನೀರು ಹಗುರ, ಹಾಗಾಗಿ ಅಂಚಿನಲ್ಲಿ ಅದರ ಮೇಲೇರಿ ಹೊರಬರುತ್ತೆ. ಫ್ಲೆಮಿಂಗೊಗಳ ಕೊಳಗಳು ನಂಬಿರೋದು ಈ ನೀರನ್ನೇ. ನಡುವಿನ ಮಟ್ಟ ಇಳಿಸಿದರೆ ಅಂಚಿನದ್ದೂ ಕುಸಿಯಬಹುದು. ಪಕ್ಕದ ಅಪಾರ್ಟ್‌ಮೆಂಟಿನವರು ಸಾವಿರ ಅಡಿ ಬೋರ್ ಕೊರೆಸಿದಾಗ ನಮ್ಮದು ಬತ್ತುತ್ತಲ್ಲ, ಹಾಗೆ. ಆದರೆ ಅಲ್ಲಿ ಪರಿಣಾಮ ವರ್ಷಗಟ್ಟಲೆ ತಡವಾಗಿ ಕಾಣಬಹುದು, ಅದೇ ಅಪಾಯ. ಕೊಳ ಇಳಿದದ್ದು ಕಂಡ ಮೇಲೆ ಪಂಪ್ ನಿಲ್ಲಿಸಿದರೂ ಇಳಿತ ತಕ್ಷಣ ನಿಲ್ಲಲ್ಲ.

ಅದಕ್ಕೇ ಪಂಪಿಗೂ ಕೊಳಕ್ಕೂ ನಡುವೆ ನಿಗಾ ಬಾವಿಗಳು ಬೇಕು. ಅಲ್ಲಿ ಮಟ್ಟ ಗೊತ್ತುಪಡಿಸಿದ ಗೆರೆಗಿಂತ ಇಳಿದರೆ ಪಂಪಿಂಗ್ ಕಡಿತ. ಅಳತೆ ಪುಸ್ತಕ ಕಂಪನಿಯೊಂದರ ಕೈಯಲ್ಲೇ ಇರಬಾರದು (ನಮ್ಮ ಟ್ಯಾಂಕರ್ ಲೆಕ್ಕ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ). ಲಿಥಿಯಂ ಮಾತ್ರ ಹೀರಿಕೊಂಡು ಉಳಿದ ನೀರನ್ನು ಮರಳಿ ನೆಲಕ್ಕೆ ಬಿಡುವ ವಿಧಾನ ಒಳ್ಳೆಯದೇ, ಆದರೆ ಅದಕ್ಕೆ ಎಷ್ಟು ಸಿಹಿನೀರು ಬೇಕು ಅಂತ ಮೊದಲು ಕೇಳಬೇಕು.

ನಮ್ಮ ಮಂಡ್ಯದ ಮರಳಗಾಲದ 1,600 ಟನ್ ಅಂದಾಜು ಬಂಡೆಯೊಳಗಿನ ಲಿಥಿಯಂನದ್ದು, ಬೇರೆಯೇ ಕಥೆ. ಅಂಥ ಕಡೆ ನೋಡಬೇಕಾದ್ದು ಗಣಿ ಗುಂಡಿಯಿಂದ ಹೊರಹಾಕುವ ನೀರು ಮತ್ತು ತ್ಯಾಜ್ಯದ ರಾಶಿಯಿಂದಾಗುವ ಸೋರಿಕೆ.