ಕ್ಯಾನ್ಸರ್ ಇರುವವರ ಕಥೆಯನ್ನು ಹಾಡು ಮಾಡುವಾಗ ಅದು ಗೋಳಾಗದಂತೆ ಬರೆಯುವುದು ಹೇಗೆ?

ಚಿಕಿತ್ಸೆಯಲ್ಲಿರುವ ಒಬ್ಬರು ತಮ್ಮ ಕಥೆಯನ್ನು ಹಾಡು ಮಾಡಲು ಒಪ್ಪಿದ್ದಾರೆ, ಆದರೆ ಬರೆದದ್ದೆಲ್ಲ ಗೋಳಿನಂತೆ ಕೇಳಿಸುತ್ತಿದೆ ಎಂದಿದ್ದೀರಿ. ನನ್ನ ಪ್ರಕಾರ ತೊಂದರೆ ಇರುವುದು ಒಂದೇ ಕಡೆ: ಹಾಡಿನಲ್ಲಿ ನಿಮ್ಮ ಪದಗಳು ಹೆಚ್ಚು, ಅವರ ಪದಗಳು ಕಡಿಮೆ.

ಹಾಗಾಗಿ ಮೊದಲು ಕೂತು ಕೇಳಬೇಕು. ಯಾವಾಗ ಕೇಳುತ್ತೀರಿ ಎಂಬುದೂ ಮುಖ್ಯ. ಕೀಮೋ, ಅಂದರೆ ಕ್ಯಾನ್ಸರಿಗೆ ಕೊಡುವ ಔಷಧಿ ಚಿಕಿತ್ಸೆ, ಸಾಮಾನ್ಯವಾಗಿ 14 ಅಥವಾ 21 ದಿನಗಳ ಸುತ್ತಿನಲ್ಲಿ ನಡೆಯುತ್ತದೆ. ಔಷಧಿ ಹೋದ ಮೊದಲ ಕೆಲವು ದಿನ ಸುಸ್ತು, ವಾಕರಿಕೆ ಜಾಸ್ತಿ. ಸುಮಾರು 7ರಿಂದ 14ನೇ ದಿನದ ನಡುವೆ ಸೋಂಕು ತಡೆಯುವ ಬಿಳಿರಕ್ತಕಣಗಳು ತೀರಾ ಇಳಿದಿರುತ್ತವೆ, ನಿಮ್ಮ ಸಣ್ಣ ನೆಗಡಿಯೂ ಅವರಿಗೆ ಅಪಾಯ. 21 ದಿನಗಳ ಸುತ್ತಾದರೆ ಮೂರನೇ ವಾರ ಹೋಗಿ. ಒಂದು ಗಂಟೆ ಮೀರಬೇಡಿ. ಬೇಕಿದ್ದರೆ ಇನ್ನೊಂದು ದಿನ ಮತ್ತೊಂದು ಗಂಟೆ.

‘ಹೇಗನ್ನಿಸಿತು?’ ಎಂದು ಕೇಳಿದರೆ ‘ತುಂಬಾ ಕಷ್ಟ ಆಯ್ತು’ ಎಂಬ ಉತ್ತರ ಬರುತ್ತದೆ, ಅದರಿಂದ ಹಾಡು ಹುಟ್ಟುವುದಿಲ್ಲ. ಬಾಯಿಗೆ ಯಾವ ರುಚಿ ಹತ್ತುತ್ತಿರಲಿಲ್ಲ, ರಾತ್ರಿ ನಿದ್ದೆ ಬರದಾಗ ಏನು ನೋಡುತ್ತಿದ್ದಿರಿ, ಯಾರು ಫೋನ್ ಮಾಡುವುದನ್ನು ನಿಲ್ಲಿಸಿದರು ಎಂದು ಕೇಳಿ. ಒಪ್ಪಿದರೆ ಮಾತ್ರ ರೆಕಾರ್ಡ್ ಮಾಡಿ. ಆಮೇಲೆ ಅವರು ಆಡಿದಂತೆಯೇ, ಆಡುಮಾತಿನಲ್ಲೇ ಬರೆದುಕೊಳ್ಳಿ.

ಇನ್ನು ಅಳತೆ. ಎರಡು ಸಾಲಿನ ಪಲ್ಲವಿ, ನಾಲ್ಕು ಸಾಲಿನ ಮೂರು ಚರಣ ಅಂದರೆ 14 ಸಾಲು. ಸಾಲಿಗೆ ನಾಲ್ಕೈದು ಪದದಂತೆ ಒಟ್ಟು 56-70 ಪದ, ಅಷ್ಟೇ ಜಾಗ. ಇಡೀ ಕಾಯಿಲೆಯನ್ನು ಅದರಲ್ಲಿ ತುಂಬಲು ಹೋಗಬೇಡಿ, ಒಂದು ವಾರವನ್ನೋ ಒಂದು ರಾತ್ರಿಯನ್ನೋ ಹಿಡಿಯಿರಿ.

ಉದಾಹರಣೆಗೆ ಕೀಮೋ ತೆಗೆದುಕೊಳ್ಳುವ ಹಲವರಿಗೆ ನಾಲಿಗೆಯ ಮೇಲೆ ಲೋಹದ ರುಚಿ ಕೂತಿರುತ್ತದೆ. ‘ನೋವಿನ ಕಡಲಲಿ ಮುಳುಗಿದೆ ಜೀವ’ ಎಂದು ಬರೆದರೆ ಯಾರ ಕಥೆಯೂ ಆಗಬಹುದು. ಹೀಗೆ ಬರೆದು ನೋಡಿ:

ನೀರು ಕುಡಿದರೂ ನಾಣ್ಯದ ರುಚಿ
ಯಾರು ಕೇಳಿದರೂ ಅದೇ ನಗು

ಒಂದೊಂದು ಸಾಲಿಗೂ 14 ಮಾತ್ರೆ, ಅಂದರೆ ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು ಎಂದು ಎಣಿಸುವ ಛಂದಸ್ಸಿನ ಅಳತೆ. ನೀರು–ಯಾರು, ಎರಡನೇ ಅಕ್ಷರದಲ್ಲಿ ಆದಿಪ್ರಾಸ. ಅಂತ್ಯಪ್ರಾಸಕ್ಕಿಂತ ನಾನು ಇದನ್ನೇ ನೆಚ್ಚುತ್ತೇನೆ. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದರಿಂದ ಬಂತು–ಹೋಯ್ತು–ನಿಂತಿತು ಎಂಬ ಪ್ರಾಸ ತಾನಾಗಿ ಸಿಗುತ್ತದೆ, ಮೂರು ಸಾಲಾಗುವಷ್ಟರಲ್ಲಿ ಶಿಶುಗೀತೆಯ ಕುಣಿತ ಬಂದುಬಿಡುತ್ತದೆ. ಸಾಲಿನ ಕೊನೆಯನ್ನು ಬಿಡುವಾಗಿಟ್ಟರೆ ಅವರ ಮಾತನ್ನು ತಿರುಚಬೇಕಾಗಿಲ್ಲ.

ಧಾಟಿ ಕೂರಿಸುವಾಗ ಹ್ರಸ್ವ ದೀರ್ಘ ನೋಡಿಕೊಳ್ಳಿ. ಮೇಲಿನ ಸಾಲಿನಲ್ಲಿ ಎಳೆದ ಸ್ವರ ‘ಕು’ ಮೇಲೆ ಬಿದ್ದರೆ ‘ಕುಡಿದರೂ’ ಹೋಗಿ ‘ಕೂಡಿದರೂ’ ಎಂದು ಕೇಳಿಸುತ್ತದೆ, ಸಾಲಿನ ಅರ್ಥವೇ ಕೆಟ್ಟಿತು. ಆ ಎಳೆತವನ್ನು ‘ನೀ’ ಅಥವಾ ‘ರೂ’ ಮೇಲೆ ಇಡಿ.

ವಿವರ ತಪ್ಪಾದರೆ ಆ ದಾರಿಯಲ್ಲಿ ನಡೆದವರಿಗೆ ತಕ್ಷಣ ಗೊತ್ತಾಗುತ್ತದೆ. ಕೂದಲು ಮೊದಲ ಕೀಮೋದ ಮರುದಿನ ಉದುರುವುದಿಲ್ಲ, ಸಾಮಾನ್ಯವಾಗಿ ಎರಡು–ಮೂರು ವಾರ ಬೇಕು. ಕೆಲವು ಔಷಧಿಗಳಿಗೆ ಉದುರುವುದೇ ಇಲ್ಲ. ರೇಡಿಯೇಷನ್‌ನಲ್ಲಿ ಕಿರಣ ಬಿದ್ದ ಜಾಗದ ಕೂದಲು ಮಾತ್ರ ಹೋಗುತ್ತದೆ. ಊಹಿಸಿ ತುಂಬಬೇಡಿ, ಅವರನ್ನೇ ಕೇಳಿ.

‘ಹೋರಾಟ’, ‘ಯುದ್ಧ’, ‘ಗೆಲುವು’ ಎಂಬ ಪದಗಳನ್ನು ಅವರು ತಾವಾಗಿ ಬಳಸಿದರೆ ಮಾತ್ರ ಇಟ್ಟುಕೊಳ್ಳಿ. ಬದುಕಿದವರು ಗೆದ್ದರು ಎಂದು ಹಾಡಿದರೆ, ತೀರಿಕೊಂಡವರು ಸಾಕಷ್ಟು ಹೋರಾಡಲಿಲ್ಲ ಎಂದು ಹೇಳಿದಂತಾಗುತ್ತದೆ. ಅಂಥವರ ಮನೆಯವರೂ ನಿಮ್ಮ ಹಾಡನ್ನು ಕೇಳುತ್ತಾರೆ.

ಬಹಳ ಜನ ಎಡವುವುದು ಪಲ್ಲವಿಯಲ್ಲಿ. ‘ಗುಣವಾದೆ ನಾನು’ ಎಂಬುದನ್ನು ಅಲ್ಲಿ ಇಡಬೇಡಿ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ ಅಂದರೆ ಸದ್ಯಕ್ಕೆ ಕಾಣುತ್ತಿಲ್ಲ ಎಂದಷ್ಟೇ, ಕಾಯಿಲೆ ಮರುಕಳಿಸಬಹುದು. ಪಲ್ಲವಿ ನಾಲ್ಕು ಸಲ ಬರುತ್ತದೆ. ಮರುಕಳಿಸಿದ ದಿನ ಆ ಹಾಡನ್ನು ಅವರು ಕೇಳಲಾರರು. ಏನೇ ಆದರೂ ಸುಳ್ಳಾಗದ ಸಾಲನ್ನು ಪಲ್ಲವಿಗೆ ಆರಿಸಿ. ಫಲಿತಾಂಶ ಹೇಳಲೇಬೇಕಿದ್ದರೆ ಕೊನೆಯ ಚರಣದಲ್ಲಿರಲಿ, ಅದನ್ನು ಬದಲಿಸಿ ಹಾಡಬಹುದು.

ಅವರೇ ಹಾಡುವುದಾದರೆ ಧಾಟಿ ಐದಾರು ಸ್ವರದೊಳಗೆ ನಿಲ್ಲಲಿ, ಒಂದು ಸಾಲು ಐದು ಸೆಕೆಂಡಿಗೆ ಮುಗಿಯಲಿ, ಸಾಲುಗಳ ನಡುವೆ ಉಸಿರಿಗೆ ಜಾಗ ಬಿಡಿ. ಶ್ರುತಿಯನ್ನು ಅವತ್ತಿನ ಗಂಟಲು ನೋಡಿ ಇಳಿಸಿ. ತಲೆ ಅಥವಾ ಕುತ್ತಿಗೆಗೆ ರೇಡಿಯೇಷನ್ ಆದವರಲ್ಲಿ ಹಲವರಿಗೆ ಬಾಯಿ ಒಣಗುತ್ತದೆ. ಅವರು ಚರಣವನ್ನು ಮಾತಿನಂತೆ ಹೇಳಲಿ, ಪಲ್ಲವಿಯನ್ನು ಬೇರೆಯವರು ಹಾಡಲಿ.

ಒಪ್ಪಿಗೆಯನ್ನು ಎರಡು ಸಲ ಪಡೆಯಿರಿ, ಶುರುವಿನಲ್ಲೊಮ್ಮೆ, ಹಾಡು ಮುಗಿದ ಮೇಲೊಮ್ಮೆ. ನಿಜ ಹೆಸರು ಬೇಕೇ, ಯಾರು ಯಾರು ಕೇಳಬಹುದು, ಅವರು ಇಲ್ಲವಾದರೆ ಯಾರು ನಿರ್ಧರಿಸಬೇಕು ಎಂಬ ಮೂರನ್ನೂ ಬರೆದಿಡಿ. ಗಂಡ, ಹೆಂಡತಿ, ಮಕ್ಕಳು ಹಾಡಿನಲ್ಲಿ ಬಂದರೆ ಅವರನ್ನೂ ಕೇಳಬೇಕು.

ಮೊದಲ ಸಲ ಕೇಳಿಸುವಾಗ ಸುತ್ತ ಜನ ಬೇಡ. ಸಾಹಿತ್ಯವನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೈಗೆ ಕೊಡಿ, ಜೊತೆಗೊಂದು ಪೆನ್ಸಿಲ್. ‘ಹೇಗಿದೆ?’ ಎಂದು ಕೇಳಿದರೆ ದಾಕ್ಷಿಣ್ಯಕ್ಕೆ ಚೆನ್ನಾಗಿದೆ ಅನ್ನುತ್ತಾರೆ. ‘ನೀವು ಆಡದ ಮಾತು ಯಾವುದು? ಅಡಿಗೆರೆ ಹಾಕಿ’ ಎನ್ನಿ.