ಒಂದನೇ ತರಗತಿಯ ಒಂದು ವಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ದಾವಣಗೆರೆ, ಹರಿಹರ ಮತ್ತು ಚಿತ್ರದುರ್ಗದಿಂದ ಬಂದ ನಾಲ್ಕು ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ನಾಲ್ಕೂ ಕಥೋಲಿಕ ಆಡಳಿತದ ಶಾಲೆಗಳ ಒಂದನೇ ತರಗತಿಗೆ ಸಂಬಂಧಿಸಿದವು.

ಪ್ರಶ್ನೆ: ನಾವು ಕಥೋಲಿಕರು. ಮಗಳು ಇಲ್ಲಿನ ಒಂದು ಕಾನ್ವೆಂಟ್ ಶಾಲೆಯಲ್ಲಿ ಒಂದನೇ ತರಗತಿಯಲ್ಲಿದ್ದಾಳೆ. ಸೆಪ್ಟೆಂಬರ್ ಮೊದಲ ವಾರದಲ್ಲಿ ಏನೇನು ಕಲಿಸುತ್ತೇವೆ ಎಂದು ಸಿಸ್ಟರ್ ಪೋಷಕರಿಗೆ ಬರೆದು ಕಳುಹಿಸಿದ್ದರು. ಕನ್ನಡದಲ್ಲಿ ಜ, ವ, ಮ, ಬ, ನ ಎಂಬ ಐದು ಅಕ್ಷರ, ಇಂಗ್ಲಿಷಿನಲ್ಲಿ ಆರು ಅಕ್ಷರಗಳ ಧ್ವನಿ, ಗಣಿತದಲ್ಲಿ ಹತ್ತು ಆಗುವ ಜೋಡಿಗಳು, ಧರ್ಮೋಪದೇಶದಲ್ಲಿ ಸೃಷ್ಟಿಯ ಕಥೆ, ಇಷ್ಟೇ. ವಾರದ ಕೊನೆಗೆ ನೋಟ್‌ಬುಕ್ ತೆರೆದರೆ ಹೆಚ್ಚೇನೂ ಬರೆದಿರಲಿಲ್ಲ. ಬೇರೆ ಶಾಲೆಗೆ ಹೋಗುವ ಪಕ್ಕದ ಮನೆಯ ಹುಡುಗ ದಿನವೂ ಪುಟಗಟ್ಟಲೆ ಕಾಪಿ ಬರೆಯುತ್ತಾನೆ. ನಮ್ಮ ಮಗು ಹಿಂದೆ ಬೀಳುತ್ತಿದೆಯೇ?
– ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ಇಲ್ಲ ಅಮ್ಮ, ಹಿಂದೆ ಬಿದ್ದಿಲ್ಲ. ನೀವು ಕಳುಹಿಸಿದ ಪಟ್ಟಿಯನ್ನು ನೋಡಿದರೆ, ಅದನ್ನು ಬರೆದವರು ಆರು ವರ್ಷದ ಮಗುವನ್ನು ಚೆನ್ನಾಗಿ ಬಲ್ಲವರು ಎಂದೇ ನನಗೆ ಅನ್ನಿಸುತ್ತದೆ. ಈ ವಯಸ್ಸಿನಲ್ಲಿ ಕಲಿತದ್ದರ ಬಹುಪಾಲು ಬಾಯಲ್ಲಿ, ಕಿವಿಯಲ್ಲಿ, ಬೆರಳ ತುದಿಯಲ್ಲಿ ಇರುತ್ತದೆ. ನೋಟ್‌ಬುಕ್ಕಿನಲ್ಲಿ ಕಾಣುವುದು ಅದರ ಸಣ್ಣ ಭಾಗ ಮಾತ್ರ.

ಮೊದಲು ಕನ್ನಡವನ್ನೇ ನೋಡೋಣ. ನಾವು ನೀವು ಕಲಿತ ಅ, ಆ, ಇ, ಈ ಕ್ರಮವನ್ನು ಬಿಟ್ಟು ಈ ಐದು ಅಕ್ಷರಗಳನ್ನು ಏಕೆ ಆರಿಸಿದರು ಎಂದು ನಿಮಗೆ ಅನ್ನಿಸಿರಬಹುದು. ನಮ್ಮ ಸರ್ಕಾರಿ ಒಂದನೇ ತರಗತಿಯ ಕಲಿಕೆಯೂ ರ, ಗ, ಸ, ದ, ಅ ಎಂಬ ಗುಂಪಿನಿಂದಲೇ ಆರಂಭವಾಗುತ್ತದೆ. ಸ್ವರಗಳನ್ನೆಲ್ಲ ಮುಗಿಸಿ, ವ್ಯಂಜನಗಳಿಗೆ ಬಂದು, ಆಮೇಲೆ ಪದಗಳಿಗೆ ಹೋಗುವ ಹಳೆಯ ದಾರಿಯಲ್ಲಿ ಮಗು ಬಹಳ ದಿನ ಏನನ್ನೂ ಓದದೆ ಅಕ್ಷರಗಳನ್ನಷ್ಟೇ ತಿದ್ದುತ್ತಿರುತ್ತದೆ. ರ, ಗ, ಸ, ದ, ಅ ಬಂದ ಮಗುವಾದರೋ ಆ ವಾರವೇ ಸರ, ದರ, ಅರಸ, ಅಗಸ ಎಂದು ಓದಬಲ್ಲದು. ಅದಕ್ಕೆ ಜ, ವ, ಮ, ಬ, ನ ಸೇರಿದೊಡನೆ ಮರ, ಜನ, ನಗರ, ಬಸವ, ಅವಸರ ಎಂಬ ಪದಗಳು ತಾವಾಗಿಯೇ ತೆರೆದುಕೊಳ್ಳುತ್ತವೆ, ಮತ್ತು ತನ್ನ ಬಾಯಲ್ಲಿ ಮೊದಲೇ ಇದ್ದ ಮಾತು ಕಾಗದದ ಮೇಲೆ ಕಂಡಾಗ ಮಗುವಿಗೆ ಆಗುವ ಸಂತೋಷವನ್ನು ಯಾವ ಕಾಪಿ ಪುಸ್ತಕವೂ ಕೊಡಲಾರದು. ಒಂದೇ ಅಕ್ಷರವನ್ನು ಐವತ್ತು ಸಲ ಬರೆದ ಮಗುವಿಗೆ ಆ ಅಕ್ಷರದ ಆಕಾರ ಬರುತ್ತದೆ. ಓದು ಬಂದೇ ಬರುತ್ತದೆ ಎನ್ನುವಂತಿಲ್ಲ.

ಇಂಗ್ಲಿಷಿನ ಆರು ಅಕ್ಷರಗಳು ಎಸ್, ಎ, ಟಿ, ಪಿ, ಐ, ಎನ್ ಆಗಿರಬೇಕೆಂದು ಊಹಿಸುತ್ತೇನೆ, ಏಕೆಂದರೆ ಧ್ವನಿಯಿಂದ ಓದು ಕಲಿಸುವ ಬಹಳಷ್ಟು ಶಾಲೆಗಳು ಈ ಆರರಿಂದಲೇ ಹೊರಡುತ್ತವೆ. ಇಲ್ಲಿ ಕನ್ನಡದ ಮಗುವಿಗೆ ಒಂದು ವಿಶೇಷ ತೊಡಕು ಇದೆ. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಉಚ್ಚಾರಣೆ. ‘ಮ’ ಎಂದು ಕರೆಯುವುದನ್ನು ‘ಮ’ ಎಂದೇ ಓದುತ್ತೇವೆ. ಇಂಗ್ಲಿಷಿನಲ್ಲಿ ‘ಎಸ್’ ಎಂದು ಕರೆದದ್ದನ್ನು ‘ಸ್’ ಎಂದು ಓದಬೇಕು. ಈ ವ್ಯತ್ಯಾಸವನ್ನು ಬಿಡಿಸಿ ಹೇಳದೆ ‘ಪಿ-ಐ-ಎನ್ ಪಿನ್’ ಎಂದು ನೂರು ಸಲ ಹೇಳಿಸಿದರೆ, ಮಗು ಪದವನ್ನು ಬಾಯಿಪಾಠ ಮಾಡುತ್ತದೆಯೇ ಹೊರತು ಓದುವುದಿಲ್ಲ. ಪರೀಕ್ಷಿಸುವುದು ಸುಲಭ: ತರಗತಿಯಲ್ಲಿ ಹೇಳಿಕೊಡದ ‘ನಿಪ್’ ಅಥವಾ ‘ಟಿನ್’ ಪದವನ್ನು ಅದೇ ಅಕ್ಷರಗಳಲ್ಲಿ ಬರೆದು ತೋರಿಸಿ. ತಡವರಿಸುತ್ತಲಾದರೂ ಧ್ವನಿಗಳನ್ನು ಕೂಡಿಸಿ ಹೇಳಿದರೆ ನಿಮ್ಮ ಮಗಳು ಓದುತ್ತಿದ್ದಾಳೆ ಎಂದೇ ಅರ್ಥ.

ಗಣಿತಕ್ಕೆ ನಿಮ್ಮ ಮನೆಯಲ್ಲೇ ಸಾಮಗ್ರಿ ಇದೆ. ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳಕ್ಕೆ ಬರವಿಲ್ಲ. ಹತ್ತು ಕಾಳನ್ನು ಎಣಿಸಿ ಇಟ್ಟು, ಮಗು ಕಣ್ಣು ಮುಚ್ಚಿದಾಗ ಮೂರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಉಳಿದ ಏಳನ್ನು ತೋರಿಸಿ, ‘ನನ್ನ ಕೈಯಲ್ಲಿ ಎಷ್ಟಿದೆ?’ ಎಂದು ಕೇಳಿ. ಏಳಕ್ಕೆ ಮೂರು, ಆರಕ್ಕೆ ನಾಲ್ಕು, ಎಂಟಕ್ಕೆ ಎರಡು ಎಂಬುದು ಹೀಗೆ ಕೈಗೆ ಹತ್ತಿದ ಮಗುವಿಗೆ ಮುಂದೆ 8 ಮತ್ತು 5 ಕೂಡಿಸುವಾಗ ಬೆರಳು ಮಡಿಸುವ ಅಗತ್ಯ ಬೀಳುವುದಿಲ್ಲ. ಐದರಿಂದ ಎರಡನ್ನು ಎಂಟಕ್ಕೆ ಕೊಟ್ಟು ಹತ್ತು ಮಾಡಿ, ಉಳಿದ ಮೂರನ್ನು ಸೇರಿಸಿ ಹದಿಮೂರು ಎನ್ನುತ್ತದೆ. ಒಂದರಿಂದ ನೂರರವರೆಗೆ ಬರೆದು ತುಂಬಿಸಿದ ಪುಟಗಳಿಂದ ಈ ತಿಳಿವಳಿಕೆ ಬರುವುದಿಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಬರವಣಿಗೆ ಬೇಡವೆಂದು ನಾನು ಹೇಳುತ್ತಿಲ್ಲ. ದಿನಕ್ಕೆ ಎರಡು ಮೂರು ಸಾಲು, ಅದೂ ಮಗು ಓದಬಲ್ಲ ಪದಗಳನ್ನೇ, ನಿಧಾನವಾಗಿ ಬರೆಸಿದರೆ ಸಾಕು. ಪುಟಗಟ್ಟಲೆ ಬರೆಸಿದಾಗ ಸಣ್ಣ ಬೆರಳುಗಳು ಸೋತು, ಪೆನ್ಸಿಲ್ ಹಿಡಿಯುವ ಬಗೆ ಕೆಡುತ್ತದೆ, ಕೊನೆಯ ಸಾಲುಗಳಲ್ಲಿ ಅಕ್ಷರಗಳೂ ಕೆಡುತ್ತವೆ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಒಂದು ಮತ್ತು ಎರಡನೇ ತರಗತಿಗಳನ್ನು ಶಿಶುವಿಹಾರದ ಜೊತೆಗೇ ಸೇರಿಸಿ, ಈ ಹಂತದಲ್ಲಿ ಪರೀಕ್ಷೆಗಳು ಸರಿಯಾದ ಅಳತೆಗೋಲಲ್ಲ ಎಂದು ಸ್ಪಷ್ಟವಾಗಿಯೇ ಹೇಳಿದೆ. ಆದ್ದರಿಂದ ಶನಿವಾರ ಮಗಳು ಮನೆಗೆ ಬಂದಾಗ ‘ಎಷ್ಟು ಪುಟ ಬರೆದೆ?’ ಎನ್ನುವ ಬದಲು ‘ಸಿಸ್ಟರ್ ಹೇಳಿದ ಕಥೆಯನ್ನು ನನಗೆ ಹೇಳು’ ಎಂದು ಕೇಳಿ, ನಡುವೆ ತಿದ್ದದೆ ಕೊನೆಯವರೆಗೂ ಕೇಳಿಸಿಕೊಳ್ಳಿ.

ಪ್ರಶ್ನೆ: ಮಗನಿಗೆ ಆರು ವರ್ಷ. ಶಾಲೆಯಲ್ಲಿ ಪ್ರಾರ್ಥನೆಗಳನ್ನು ಇಂಗ್ಲಿಷಿನಲ್ಲಿ ಹೇಳಿಸುತ್ತಾರೆ, ನಾವು ಮನೆಯಲ್ಲಿ ಕನ್ನಡದಲ್ಲಿ ಹೇಳುತ್ತೇವೆ, ಅವನ ಅಜ್ಜಿ ಕೊಂಕಣಿಯಲ್ಲಿ ಜಪಸರ ಮಾಡುತ್ತಾರೆ. ಅವನಿಗೆ ಎಲ್ಲವೂ ಕಲಸಿಹೋಗಿದೆ. ಪ್ರಥಮ ಪರಮಪ್ರಸಾದಕ್ಕೆ (ಚರ್ಚಿನ ಬಲಿಪೂಜೆಯಲ್ಲಿ ಯೇಸುವಿನ ದೇಹವೆಂದು ಕೊಡುವ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವುದಕ್ಕೆ) ಈಗಿನಿಂದಲೇ ಎಲ್ಲವನ್ನೂ ಕಂಠಪಾಠ ಮಾಡಿಸಬೇಕೇ?
– ಓದುಗರೊಬ್ಬರು, ಹರಿಹರ

ಉತ್ತರ: ಅವಸರ ಬೇಡ. ವಿವೇಚನೆಯ ವಯಸ್ಸು ಸುಮಾರು ಏಳು ವರ್ಷಕ್ಕೆ ಬರುತ್ತದೆ ಎಂದು ಹೇಳಿ, ಮಕ್ಕಳು ಆ ಸುಮಾರಿಗೆ ಪರಮಪ್ರಸಾದ ಸ್ವೀಕರಿಸಬಹುದೆಂದು 1910ರಲ್ಲಿ ಪೋಪ್ ಹತ್ತನೇ ಪಯಸ್ ಗೊತ್ತುಮಾಡಿದರು. ಅವರು ಆಗ ಮಕ್ಕಳಿಂದ ನಿರೀಕ್ಷಿಸಿದ್ದು ದೊಡ್ಡ ಕಂಠಪಾಠವನ್ನಲ್ಲ. ತಾನು ಸ್ವೀಕರಿಸುವುದು ಸಾಮಾನ್ಯ ರೊಟ್ಟಿಯಲ್ಲ ಎಂದು ತನ್ನ ವಯಸ್ಸಿಗೆ ತಕ್ಕಂತೆ ಗುರುತಿಸುವ ಶಕ್ತಿಯನ್ನು. ಇಂದಿನ ಧರ್ಮಸಭೆಯ ಕಾನೂನು ಕೂಡ ಮಗುವನ್ನು ಸಿದ್ಧಗೊಳಿಸುವ ಹೊಣೆಯನ್ನು ಮೊದಲು ತಂದೆತಾಯಿಗೆ, ಜೊತೆಗೆ ಧರ್ಮಕೇಂದ್ರದ ಗುರುಗಳಿಗೆ ವಹಿಸುತ್ತದೆ. ಒಂದನೇ ತರಗತಿಯಲ್ಲಿ ಶಿಲುಬೆಯ ಗುರುತು, ಯೇಸು ಕಲಿಸಿದ ಪ್ರಾರ್ಥನೆ, ನಮೋ ಮರಿಯಾ ಇವಿಷ್ಟು ಅರ್ಥಸಹಿತ ಬಂದರೆ ಬೇಕಾದಷ್ಟಾಯಿತು.

ಭಾಷೆಯ ಮಾತಿಗೆ ಬಂದರೆ, ಅವನು ಕನಸು ಕಾಣುವ ಭಾಷೆಯಲ್ಲಿ ಮೊದಲು ಕಲಿಸಿ. ಜಗತ್ತಿನ ಕಥೋಲಿಕ ಧರ್ಮಾಧ್ಯಕ್ಷರು ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆ (1962–65) ಬಲಿಪೂಜೆಯನ್ನು ಲ್ಯಾಟಿನ್ನಿನಿಂದ ಜನರ ಭಾಷೆಗಳಿಗೆ ತರಲು ದಾರಿ ಮಾಡಿದ್ದು ಜನ ತಿಳಿದು ಪಾಲ್ಗೊಳ್ಳಲಿ ಎಂದೇ. ದೊಡ್ಡವರಿಗೆ ಸಲ್ಲುವ ಈ ಮಾತು ಆರು ವರ್ಷದವನಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. ಅನುದಿನದ ಆಹಾರವನ್ನು ಬೇಡುವ ಸಾಲನ್ನು ಕನ್ನಡದಲ್ಲಿ ಹೇಳಿಕೊಟ್ಟು, ‘ನಾವು ಇವತ್ತು ಏನು ಉಂಡೆವು, ಅದನ್ನು ಯಾರು ಬೆಳೆದರು, ಇವತ್ತು ಊಟವಿಲ್ಲದವರು ನಮ್ಮ ಬೀದಿಯಲ್ಲಿ ಇದ್ದಾರೆಯೇ?’ ಎಂದು ಒಂದೆರಡು ಮಾತು ಆಡಿ. ಆಮೇಲೆ ಶಾಲೆಯ ಇಂಗ್ಲಿಷ್ ಪ್ರಾರ್ಥನೆ ಅದೇ ಮಾತಿನ ಇನ್ನೊಂದು ರೂಪವೆಂದು ಅವನಿಗೆ ತಾನಾಗಿಯೇ ಹೊಳೆಯುತ್ತದೆ. ಅಜ್ಜಿಯ ಕೊಂಕಣಿಯನ್ನು ಮಾತ್ರ ನಿಲ್ಲಿಸಬೇಡಿ. ಅವನು ಪಕ್ಕದಲ್ಲಿ ಕುಳಿತು ಕೇಳುತ್ತಿರಲಿ, ಹೇಳಲೇಬೇಕೆಂಬ ಒತ್ತಾಯ ಬೇಡ.

ನಿಮ್ಮ ಊರಿನಲ್ಲಿ ಸೆಪ್ಟೆಂಬರ್ 8ರಂದು ಆರೋಗ್ಯಮಾತೆಯ ಹಬ್ಬ ನಡೆಯುತ್ತದೆ. ಅದು ಯೇಸುವಿನ ತಾಯಿ ಮರಿಯಮ್ಮನವರ ಜನ್ಮದಿನವೆಂದು ಮಗನಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ. ನಾನಾ ಧರ್ಮಗಳ ಜನ ಒಂದೇ ಆವರಣದಲ್ಲಿ ಪ್ರಾರ್ಥಿಸುವುದನ್ನು ಅವನು ಕಣ್ಣಾರೆ ನೋಡಲಿ. ಅದಕ್ಕೂ ಮೂರು ದಿನ ಮೊದಲು, ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನಾಚರಣೆಯೂ ಸಂತ ಮದರ್ ತೆರೇಸಾ ಅವರ ಸ್ಮರಣೆಯೂ ಒಟ್ಟಿಗೆ ಬರುತ್ತವೆ. ಅವರು 1997ರಲ್ಲಿ ತೀರಿಕೊಂಡ ದಿನವದು. ಒಂದು ವಾರದ ಧರ್ಮೋಪದೇಶಕ್ಕೆ ಇದಕ್ಕಿಂತ ಹೆಚ್ಚು ಬೇಕಿಲ್ಲ.

ಪ್ರಶ್ನೆ: ನಾವು ಲಿಂಗಾಯತರು. ಶಿಸ್ತು ಚೆನ್ನಾಗಿದೆ ಎಂದು ಮಗನನ್ನು ಕಥೋಲಿಕ ಶಾಲೆಗೆ ಸೇರಿಸಿದ್ದೇವೆ. ಈಗ ಊಟಕ್ಕೆ ಕೂತಾಗ ಶಿಲುಬೆಯ ಗುರುತು ಮಾಡುತ್ತಾನೆ. ಅಜ್ಜನಿಗೆ ಇದು ಸರಿಬರುತ್ತಿಲ್ಲ. ಧರ್ಮಪಾಠಕ್ಕೆ ಅವನು ಕೂರಲೇಬೇಕೇ?
– ಒಬ್ಬ ತಂದೆ, ಚಿತ್ರದುರ್ಗ

ಉತ್ತರ: ಕೂರಬೇಕಿಲ್ಲ. ಅಲ್ಪಸಂಖ್ಯಾತರು ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಸಂವಿಧಾನದ 30ನೇ ವಿಧಿ ಕೊಟ್ಟಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಅಪ್ರಾಪ್ತ ವಯಸ್ಸಿನ ಮಗುವನ್ನು ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಸೇರಿಸಿಕೊಳ್ಳುವಂತಿಲ್ಲ ಎಂದು 28ನೇ ವಿಧಿಯ ಮೂರನೇ ಉಪವಿಧಿ ಹೇಳುತ್ತದೆ. ಈ ಎರಡೂ ಒಟ್ಟಿಗೇ ನಡೆಯಬೇಕಾದವು. ಬಹಳಷ್ಟು ಕಥೋಲಿಕ ಶಾಲೆಗಳಲ್ಲಿ ಆ ಅವಧಿಯಲ್ಲಿ ಕಥೋಲಿಕ ಮಕ್ಕಳಿಗೆ ಧರ್ಮೋಪದೇಶವೂ ಉಳಿದವರಿಗೆ ಮೌಲ್ಯ ಶಿಕ್ಷಣವೂ ನಡೆಯುತ್ತದೆ. ನಿಮ್ಮ ಮಗನನ್ನು ಎಲ್ಲಿ ಕೂರಿಸುತ್ತಿದ್ದಾರೆಂದು ಮುಖ್ಯೋಪಾಧ್ಯಾಯರನ್ನು ನೇರವಾಗಿ ಕೇಳಿ, ನಿಮ್ಮ ಇಚ್ಛೆಯನ್ನು ಪತ್ರದಲ್ಲಿ ಬರೆದುಕೊಡಿ.

ಮಗುವಿನ ಮುಂದೆ ಮಾತ್ರ ಇದನ್ನು ದೊಡ್ಡದು ಮಾಡಬೇಡಿ. ಗೆಳೆಯರು ಮಾಡಿದ್ದನ್ನು ಮಾಡುವುದು ಆ ವಯಸ್ಸಿನ ಸಹಜ ಗುಣ. ಅಜ್ಜನೇ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಅವರು ಊಟದ ಮುಂಚೆ ದೇವರನ್ನು ಹಾಗೆ ನೆನೆಯುತ್ತಾರೆ, ನಾವು ಹೀಗೆ ನೆನೆಯುತ್ತೇವೆ’ ಎಂದು ಒಂದು ವಚನ ಹೇಳಿಕೊಡಲಿ. ಗದರಿದರೆ ತಾನೇನೋ ತಪ್ಪು ಮಾಡಿದೆ ಎಂಬ ಭಯ ಉಳಿಯುತ್ತದೆ, ಶಾಲೆಯಲ್ಲಿ ನಡೆದದ್ದನ್ನು ಮನೆಯಲ್ಲಿ ಹೇಳುವುದನ್ನೇ ಅವನು ಬಿಟ್ಟಾನು.

ಪ್ರಶ್ನೆ: ನಾನು ಹೊಸದಾಗಿ ಒಂದನೇ ತರಗತಿಗೆ ಪಾಠ ಮಾಡುತ್ತಿದ್ದೇನೆ. ಸೃಷ್ಟಿಯ ಕಥೆ ಹೇಳುವಾಗ ಒಬ್ಬ ಹುಡುಗಿ, ‘ಮಿಸ್, ಮೊದಲನೇ ದಿನವೇ ಬೆಳಕು ಬಂತು ಅಂದಿರಿ, ಸೂರ್ಯ ನಾಲ್ಕನೇ ದಿನ ಅಂದಿರಿ, ಹಾಗಾದರೆ ಬೆಳಕು ಎಲ್ಲಿಂದ ಬಂತು?’ ಎಂದು ಕೇಳಿದಳು. ಏನು ಹೇಳಬೇಕಿತ್ತು?
– ಒಬ್ಬ ಶಿಕ್ಷಕಿ, ಚಿತ್ರದುರ್ಗ ಜಿಲ್ಲೆ

ಉತ್ತರ: ಆ ಹುಡುಗಿಯನ್ನು ಮೊದಲು ಮನಸಾರೆ ಹೊಗಳಬೇಕಿತ್ತು, ಈಗಲೂ ಹೊಗಳಬಹುದು. ಎರಡು ದಿನಗಳ ಪಾಠವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ್ದಾಳೆ, ನಿಮ್ಮ ಮಾತನ್ನು ನಿಜವಾಗಿ ಕೇಳಿಸಿಕೊಂಡಿದ್ದಾಳೆ. ಹಿಂದೆ ಬಹಳ ದೊಡ್ಡ ವಿದ್ವಾಂಸರೂ ಕೇಳಿಕೊಂಡ ಪ್ರಶ್ನೆಯಿದು.

ಈ ಕಥೆ ಬರುವ, ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯ ವಿಜ್ಞಾನದ ಪಾಠವಲ್ಲ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ, ಸೃಷ್ಟಿಕರ್ತನ ಕಾರ್ಯವನ್ನು ಆರು ದಿನಗಳ ಕೆಲಸ ಮತ್ತು ಏಳನೇ ದಿನದ ವಿಶ್ರಾಂತಿಯಾಗಿ ಬೈಬಲ್ ಸಾಂಕೇತಿಕವಾಗಿ ಚಿತ್ರಿಸುತ್ತದೆ ಎಂದು 337ನೇ ಪರಿಚ್ಛೇದದಲ್ಲಿ ಹೇಳಿದೆ. ಕ್ರಮವನ್ನು ಗಮನಿಸಿದರೆ ಒಂದು ಸುಂದರ ಜೋಡಣೆ ಕಾಣುತ್ತದೆ: ಮೊದಲ ಮೂರು ದಿನ ಬೆಳಕು, ಆಕಾಶ ಮತ್ತು ನೀರು, ನೆಲ, ಮುಂದಿನ ಮೂರು ದಿನ ಆಯಾ ಜಾಗಕ್ಕೆ ಸೂರ್ಯಚಂದ್ರರು, ಹಕ್ಕಿ ಮೀನುಗಳು, ಪ್ರಾಣಿಗಳು ಮತ್ತು ಮನುಷ್ಯರು. ಮಕ್ಕಳಿಗೆ ಹೇಳುವಾಗ ಇಷ್ಟೇ ಸಾಕು: ‘ಈ ಕಥೆ ಲೋಕ ಹೇಗೆ ಉಂಟಾಯಿತು ಎಂದು ಲೆಕ್ಕ ಕೊಡುವುದಿಲ್ಲ. ಎಲ್ಲವೂ ದೇವರಿಂದ ಬಂತು, ಎಲ್ಲವೂ ಒಳ್ಳೆಯದು ಎಂದು ಹೇಳುತ್ತದೆ. ನಮಗೆ ಹಗಲಿನ ಬೆಳಕು ಸೂರ್ಯನಿಂದಲೇ ಬರುತ್ತದೆ.’ ಕೊನೆಯ ವಾಕ್ಯವನ್ನು ಬಿಡಬೇಡಿ. ಪರಿಸರ ಅಧ್ಯಯನದ ತರಗತಿಯಲ್ಲಿ ಕಲಿಯುವುದಕ್ಕೂ ಇದಕ್ಕೂ ಜಗಳವಿದೆ ಎಂಬ ಭಾವನೆ ಮಕ್ಕಳಲ್ಲಿ ಮೂಡಬಾರದು.

ಮುಂದಿನ ಸಲ ಈ ಕಥೆಯನ್ನು ಒಂದೇ ದಿನ ಮುಗಿಸದೆ, ಸೋಮವಾರದಿಂದ ಶನಿವಾರದವರೆಗೆ ದಿನಕ್ಕೊಂದು ಚಿತ್ರ ಬರೆಸಿ ಗೋಡೆಗೆ ಅಂಟಿಸಿ. ವಾರಗಳ ಹೆಸರು, ಮೊದಲನೆಯದು ಎರಡನೆಯದು ಎಂಬ ಎಣಿಕೆ, ಗಿಡಮರ ಪ್ರಾಣಿಪಕ್ಷಿಗಳ ಪರಿಚಯ ಎಲ್ಲವೂ ಅದರೊಳಗೇ ಸೇರುತ್ತವೆ. ಚಿತ್ರಗಳಲ್ಲಿ ಚಿತ್ರದುರ್ಗದ ಬಂಡೆಗಳು, ಹೊಲದ ಶೇಂಗಾ ಗಿಡ, ಕೋಟೆಯ ಮೇಲಿನ ಕೋತಿಗಳು ಬರಲಿ. ಅಚ್ಚಾದ ಚಿತ್ರಕ್ಕೆ ಬಣ್ಣ ತುಂಬಿಸುವುದಕ್ಕಿಂತ ಅದು ಎಷ್ಟೋ ಮೇಲು. ನಾಲ್ಕನೆಯ ದಿನದ ಚಿತ್ರ ಅಂಟಿಸುವಾಗ ಆ ಹುಡುಗಿಯ ಪ್ರಶ್ನೆಯನ್ನು ನೀವೇ ಇಡೀ ತರಗತಿಗೆ ಕೇಳಿ, ಯಾರು ಏನು ಹೇಳುತ್ತಾರೆಂದು ನೋಡಿ.